ಮಾತ್ರೆಯ ಜೊತೆಗೆ ಇನ್ನೇನು ತೆಗೆದುಕೊಳ್ಳುತ್ತಿದ್ದೀರಿ?

1971ರಲ್ಲಿ ಜರ್ಮನಿಯ ವೈದ್ಯರು ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯರಲ್ಲಿ ಒಂದು ಸಂಗತಿಯನ್ನು ಗಮನಿಸಿ ದಾಖಲಿಸಿದರು. ಆಗ ಹೊಸದಾಗಿ ಬಳಕೆಗೆ ಬಂದಿದ್ದ ರಿಫಾಂಪಿಸಿನ್ ಎಂಬ ಔಷಧಿಯನ್ನು ಅವರಿಗೆ ಕೊಡಲಾಗುತ್ತಿತ್ತು. ಅವರ ಪೈಕಿ ಗರ್ಭನಿರೋಧಕ ಮಾತ್ರೆಯನ್ನೂ ನುಂಗುತ್ತಿದ್ದವರಿಗೆ ಮುಟ್ಟಿನ ದಿನವಲ್ಲದ ದಿನಗಳಲ್ಲೂ ರಕ್ತ ಕಾಣಿಸಿಕೊಳ್ಳತೊಡಗಿತ್ತು. ಬೆನ್ನಿಗೇ ಇನ್ನೂ ಗಂಭೀರವಾದ ವರದಿಗಳು ಬಂದವು: ಮಾತ್ರೆಯನ್ನು ನಿಯಮಿತವಾಗಿ ತೆಗೆದುಕೊಳ್ಳುತ್ತಿದ್ದರೂ ಕೆಲವರು ಗರ್ಭಿಣಿಯರಾಗಿದ್ದರು. ರಿಫಾಂಪಿಸಿನ್ ಗರ್ಭಕೋಶಕ್ಕಾಗಲಿ ಅಂಡಾಶಯಕ್ಕಾಗಲಿ ನೇರವಾಗಿ ಏನನ್ನೂ ಮಾಡಿರಲಿಲ್ಲ. ಅದು ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ಮಾತ್ರೆಯ ಹಾರ್ಮೋನನ್ನು ಒಡೆದು ಹೊರಹಾಕುವ ಕೆಲಸವನ್ನು ಅದು ಅಲ್ಲಿ ಚುರುಕುಗೊಳಿಸಿತ್ತು. ನುಂಗಿದ್ದು ಪೂರ್ಣ ಮಾತ್ರೆಯಾದರೂ ರಕ್ತದಲ್ಲಿ ಉಳಿಯುತ್ತಿದ್ದ ಹಾರ್ಮೋನು ಸಾಲದಾಗಿತ್ತು.

ಐವತ್ತು ವರ್ಷಗಳ ಹಿಂದಿನ ಈ ಸಂಗತಿಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಇದೇ ಕೆಲಸವನ್ನು ಇದೇ ದಾರಿಯಲ್ಲಿ ಮಾಡಬಲ್ಲ ಮೂಲಿಕೆಗಳಿವೆ. ಅವುಗಳನ್ನು ಕೊಳ್ಳಲು ಚೀಟಿ ಬೇಡ, ವೈದ್ಯರಿಗೆ ಹೇಳಬೇಕೆಂದೂ ಯಾರಿಗೂ ತೋಚುವುದಿಲ್ಲ. ರಿಫಾಂಪಿಸಿನ್ ಕೊಡುವ ವೈದ್ಯರಿಗೆ ಅದು ಗರ್ಭನಿರೋಧಕವನ್ನು ಕೆಡಿಸುತ್ತದೆಂಬುದು ಪಾಠಪುಸ್ತಕದಿಂದಲೇ ಗೊತ್ತು. ಆನ್‌ಲೈನಿನಲ್ಲಿ ತರಿಸಿದ ಕ್ಯಾಪ್ಸೂಲಿನ ಡಬ್ಬಿಗೆ ಅಂಥ ಕಾವಲು ಇಲ್ಲ. ಮೂಲಿಕೆ ಕೆಟ್ಟದ್ದು ಎಂಬುದಾಗಲಿ, ಮೂಲಿಕೆಯಿಂದ ಏನೂ ಆಗದು ಎಂಬುದಾಗಲಿ ಈ ಲೇಖನದ ವಾದವಲ್ಲ. ದೇಹದ ಮೇಲೆ ಪರಿಣಾಮ ಬೀರುವ ಮೂಲಿಕೆಯೂ ಔಷಧಿಯೇ. ಹಾಗಾಗಿ ಔಷಧಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕು. ಯಾವುದು, ಎಷ್ಟು, ಯಾವ ರೂಪದಲ್ಲಿ, ಇನ್ಯಾವುದರ ಜೊತೆ ಎಂದು ಕೇಳದೆ ಇರುವುದರಲ್ಲೇ ಅಪಾಯವಿದೆ.

ಮೊದಲು ಯಕೃತ್ತಿನಲ್ಲಿ ನಡೆಯುವುದನ್ನು ನೋಡೋಣ. ಸಾಮಾನ್ಯ ಗರ್ಭನಿರೋಧಕ ಮಾತ್ರೆಯಲ್ಲಿ ಎರಡು ಹಾರ್ಮೋನುಗಳಿರುತ್ತವೆ. ಒಂದು ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೊಜೆನ್, ಇನ್ನೊಂದು ಪ್ರೊಜೆಸ್ಟಿನ್ ಗುಂಪಿನದು. ಇವೆರಡೂ ಕರುಳು ಮತ್ತು ಯಕೃತ್ತನ್ನು ಹಾದು ರಕ್ತಕ್ಕೆ ಸೇರುವಾಗ ಅಲ್ಲಿನ ಕಿಣ್ವಗಳು ಒಂದಷ್ಟು ಪಾಲನ್ನು ಒಡೆದುಹಾಕುತ್ತವೆ. ಅವುಗಳಲ್ಲಿ ಮುಖ್ಯವಾದುದು ಸಿವೈಪಿ 3ಎ4. ಬಳಕೆಯಲ್ಲಿರುವ ಔಷಧಿಗಳಲ್ಲಿ ದೊಡ್ಡದೊಂದು ಪಾಲನ್ನು ಇದೊಂದೇ ಕಿಣ್ವ ನಿಭಾಯಿಸುತ್ತದೆ. ಯಕೃತ್ತಿನ ಜೀವಕೋಶದೊಳಗೆ ಪಿಎಕ್ಸ್‌ಆರ್ ಎಂಬ ಗ್ರಾಹಕ ಪ್ರೋಟೀನೊಂದಿದೆ. ಹೊರಗಿನ ರಾಸಾಯನಿಕ ಬಂದು ಇದಕ್ಕೆ ಅಂಟಿಕೊಂಡಾಗ ಕಿಣ್ವವನ್ನು ಹೆಚ್ಚು ತಯಾರಿಸು ಎಂಬ ಆದೇಶ ವಂಶವಾಹಿಗೆ ಹೋಗುತ್ತದೆ. ಸುಗ್ಗಿಯ ಕಾಲಕ್ಕೆ ಹೆಚ್ಚು ಆಳು ಕರೆಸಿಕೊಂಡ ಹಾಗೆ: ಆಳು ಬಂದು ಸೇರಲು ಕೆಲವು ದಿನ ಹಿಡಿಯುತ್ತದೆ, ಬಂದವರು ಎದುರಿಗಿದ್ದ ಪೈರನ್ನೆಲ್ಲ ಕೊಯ್ಯುತ್ತಾರೆ, ಕರೆ ನಿಂತ ಮೇಲೂ ಒಂದಷ್ಟು ದಿನ ಉಳಿದಿರುತ್ತಾರೆ. ಕಿಣ್ವದ ಪ್ರಮಾಣ ಏರಲು ಸುಮಾರು ಒಂದೆರಡು ವಾರ ಬೇಕು. ಪ್ರಚೋದಕ ವಸ್ತುವನ್ನು ನಿಲ್ಲಿಸಿದ ಮೇಲೆ ಪೂರ್ತಿ ಇಳಿಯಲು ನಾಲ್ಕು ವಾರದವರೆಗೆ ಬೇಕಾಗಬಹುದು. ನಮ್ಮಲ್ಲಿ ಬಹಳ ಜನ ನಂಬಿರುವ ಒಂದು ಉಪಾಯ ಇಲ್ಲಿ ಏಕೆ ನಡೆಯದು ಎಂಬುದೂ ಇದರಿಂದ ತಿಳಿಯುತ್ತದೆ. ಇಂಗ್ಲಿಷ್ ಮಾತ್ರೆಗೂ ಮೂಲಿಕೆಗೂ ನಡುವೆ ಅರ್ಧ ಗಂಟೆಯೋ ಎರಡು ಗಂಟೆಯೋ ಅಂತರ ಬಿಟ್ಟರೆ ಸಾಕು ಎಂಬ ಮಾತನ್ನು ಔಷಧಿ ಅಂಗಡಿಯಲ್ಲೂ ಕೇಳುತ್ತೇವೆ. ಹೊಟ್ಟೆಯಲ್ಲೇ ಮಾತ್ರೆಯನ್ನು ಹೀರಿಕೊಳ್ಳುವ ಇದ್ದಿಲು, ಇಸಬಗೋಲು ಮುಂತಾದವುಗಳಿಗೆ ಅದು ಒಪ್ಪುವ ಸಲಹೆ. ಕಿಣ್ವವನ್ನೇ ಹೆಚ್ಚಿಸುವ ಮೂಲಿಕೆಗೆ ಅದು ಒಪ್ಪುವುದಿಲ್ಲ. ಬೆಳಿಗ್ಗೆ ಮೂಲಿಕೆ, ರಾತ್ರಿ ಮಾತ್ರೆ ಎಂದು ಹಂಚಿಕೊಂಡರೂ ಕಿಣ್ವ ಇಪ್ಪತ್ತನಾಲ್ಕು ಗಂಟೆಯೂ ಕೆಲಸದಲ್ಲಿರುತ್ತದೆ.

ಈ ವಿಷಯದಲ್ಲಿ ಜಗತ್ತು ಅತಿ ಹೆಚ್ಚು ಅಧ್ಯಯನ ಮಾಡಿರುವ ಮೂಲಿಕೆ ಸೇಂಟ್ ಜಾನ್ಸ್ ವರ್ಟ್. ಹಳದಿ ಹೂ ಬಿಡುವ ಈ ಪುಟ್ಟ ಗಿಡವನ್ನು ಯುರೋಪಿನಲ್ಲಿ ಬಹುಕಾಲದಿಂದ ಮನಸ್ಸಿನ ದುಗುಡಕ್ಕೆ ಬಳಸುತ್ತಾರೆ. ಜರ್ಮನಿಯಲ್ಲಿ ವೈದ್ಯರೂ ಸೌಮ್ಯ ಖಿನ್ನತೆಗೆ ಬರೆದುಕೊಡುತ್ತಾರೆ. ಬ್ರಿಟನ್, ಅಮೆರಿಕಗಳಲ್ಲಿ ವಿಟಮಿನ್ನುಗಳ ಸಾಲಿನಲ್ಲೇ ಸಿಗುತ್ತದೆ. ಅಲ್ಲಿ ಓದಲು, ದುಡಿಯಲು ಹೋದ ನಮ್ಮ ಹೆಣ್ಣುಮಕ್ಕಳ ಕೈಗೆ ಇದು ಸಿಗುವುದು ಎಷ್ಟು ಸುಲಭವೋ, ಇಲ್ಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವುದೂ ಅಷ್ಟೇ ಸುಲಭ. ಈ ಗಿಡದಲ್ಲಿರುವ ಹೈಪರ್‌ಫೋರಿನ್ ಎಂಬ ಅಂಶ ಪಿಎಕ್ಸ್‌ಆರ್ ಅನ್ನು ಬಲವಾಗಿ ಪ್ರಚೋದಿಸುತ್ತದೆ ಎಂಬುದು 2000ದಲ್ಲಿ ಪತ್ತೆಯಾಯಿತು. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ವರದಿಗಳು ಬಂದವು. ಎಚ್‌ಐವಿ ಔಷಧಿಯಾದ ಇಂಡಿನವಿರ್ ರಕ್ತದಲ್ಲಿ ಸಿಗುವ ಪ್ರಮಾಣ ಈ ಮೂಲಿಕೆಯಿಂದ ಶೇಕಡ 57ರಷ್ಟು ಕುಸಿದಿತ್ತು ಎಂದಿತು ಒಂದು. ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರು ರೋಗಿಗಳು ಈ ಮೂಲಿಕೆ ತೆಗೆದುಕೊಂಡ ಮೇಲೆ ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೊಸ್ಪೊರಿನ್ ಔಷಧಿಯ ಮಟ್ಟ ಅವರಲ್ಲಿ ಇಳಿದು, ದೇಹ ಕಸಿ ಹೃದಯವನ್ನು ತಿರಸ್ಕರಿಸತೊಡಗಿತ್ತು ಎಂದಿತು ಜ್ಯೂರಿಕ್‌ನಿಂದ ಬಂದ ಇನ್ನೊಂದು. ಕಸಿ ಹೃದಯವನ್ನೇ ಅಪಾಯಕ್ಕೆ ಒಡ್ಡುವಷ್ಟು ಶಕ್ತಿ ಒಂದು ಸಸ್ಯದ ಸಾರಕ್ಕಿದೆ ಎಂದು ವೈದ್ಯಲೋಕ ಅರಿತದ್ದು ಆಗ.

ಗರ್ಭನಿರೋಧಕದ ಮೇಲಿನ ಪರೀಕ್ಷೆಗಳು ಆಮೇಲೆ ನಡೆದವು. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದ 12 ಮಹಿಳೆಯರಿಗೆ ದಿನಕ್ಕೆ ಮೂರು ಬಾರಿ 300 ಮಿಲಿಗ್ರಾಂ ಸೇಂಟ್ ಜಾನ್ಸ್ ವರ್ಟ್ ಕೊಡಲಾಯಿತು. ಮೂಲಿಕೆ ಇಲ್ಲದಿದ್ದಾಗ ಅವರಲ್ಲಿ ಇಬ್ಬರಿಗೆ ಮಾತ್ರ ತಿಂಗಳ ನಡುವೆ ರಕ್ತಸ್ರಾವವಾಗಿತ್ತು. ಮೂಲಿಕೆ ಸೇರಿದ ಮೇಲೆ ಏಳು ಮಂದಿಗೆ ಆಯಿತು. 2005ರಲ್ಲಿ 16 ಮಹಿಳೆಯರ ಇನ್ನೊಂದು ಅಧ್ಯಯನ ಬಂತು. ಹಾರ್ಮೋನಿನ ಪ್ರಮಾಣ ಶೇಕಡ 13ರಿಂದ 15ರಷ್ಟು ತಗ್ಗಿತ್ತು, ಅಂಡಾಶಯದಲ್ಲಿ ಕೋಶಿಕೆಗಳು ಬೆಳೆಯುತ್ತಿದ್ದವು, ಕೆಲವರಲ್ಲಿ ಅಂಡ ಬಿಡುಗಡೆಯಾಗಿರಬಹುದಾದ ಲಕ್ಷಣಗಳೂ ಇದ್ದವು. ಮಾತ್ರೆ ತಡೆಯಬೇಕಾದದ್ದೇ ಈ ಅಂಡ ಬಿಡುಗಡೆಯನ್ನು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ ಎಂಬುದನ್ನೂ ಹೇಳಬೇಕು. 18 ಮಹಿಳೆಯರ ಒಂದು ಯುರೋಪಿಯನ್ ಅಧ್ಯಯನದಲ್ಲಿ ನಡುವಿನ ರಕ್ತಸ್ರಾವ ಹೆಚ್ಚಿದರೂ ಅಂಡ ಬಿಡುಗಡೆಯ ಕುರುಹು ಕಾಣಲಿಲ್ಲ. 2009ರಲ್ಲಿ ಹೈಪರ್‌ಫೋರಿನ್ ಅತ್ಯಲ್ಪವಾಗಿರುವ ಒಂದು ಸಾರವನ್ನು ಪರೀಕ್ಷಿಸಿದಾಗ ಹಾರ್ಮೋನಿನ ಮಟ್ಟ ಬದಲಾಗಲೇ ಇಲ್ಲ. ನನಗೆ ಈ ಕೊನೆಯ ಫಲಿತಾಂಶ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಗಿಡ ಅದೇ, ಹೆಸರು ಅದೇ; ತಯಾರಿಕೆ ಬೇರೆಯಾದಾಗ ಪರಿಣಾಮವೂ ಬೇರೆ. ಆದ್ದರಿಂದ ಈ ಮೂಲಿಕೆ ತೆಗೆದುಕೊಳ್ಳಬಹುದೇ ಎಂದಷ್ಟೇ ಕೇಳಿದರೆ ಪ್ರಶ್ನೆ ಅಪೂರ್ಣ. ಡಬ್ಬಿಯೊಳಗಿನ ಈ ತಯಾರಿಕೆಯಲ್ಲಿ ಏನು ಎಷ್ಟಿದೆ ಎಂಬುದು ಪೂರ್ಣ ಪ್ರಶ್ನೆ, ಮತ್ತು ಹೆಚ್ಚಿನ ಡಬ್ಬಿಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಶೇಕಡ 15ರ ಇಳಿಕೆ ಅಂಥ ದೊಡ್ಡದೇ ಎಂದು ಯಾರಾದರೂ ಕೇಳಬಹುದು. ಉತ್ತರ ಮಾತ್ರೆಯ ಚರಿತ್ರೆಯಲ್ಲಿದೆ. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವೆಂದು ಒಪ್ಪಿಗೆ ಪಡೆದ ಮೊದಲ ಮಾತ್ರೆ ಎನೊವಿಡ್‌ನಲ್ಲಿ 150 ಮೈಕ್ರೊಗ್ರಾಂ ಈಸ್ಟ್ರೊಜೆನ್ ಇತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಮಾತ್ರೆಯಲ್ಲಿರುವುದು 30 ಮೈಕ್ರೊಗ್ರಾಂ. ಈಗಿನ ಕೆಲವು ಮಾತ್ರೆಗಳಲ್ಲಿ 20 ಮಾತ್ರ. ಹೆಚ್ಚು ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿದ್ದುದರಿಂದ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರು, ಅದು ಒಳ್ಳೆಯದೇ ಆಯಿತು. ಆದರೆ ಹಾಗೆ ಇಳಿಸಿದಾಗ ಮಾತ್ರೆ ಕೆಲಸ ಮಾಡಲು ಬೇಕಾದ ಕನಿಷ್ಠ ಮಟ್ಟಕ್ಕೂ ನಾವು ನುಂಗುವ ಮಟ್ಟಕ್ಕೂ ನಡುವಿನ ಉಳಿಕೆ ತೆಳುವಾಯಿತು. ಜೊತೆಗೆ, ಪ್ರತಿ ತಿಂಗಳು ಏಳು ದಿನ ಹಾರ್ಮೋನಿಲ್ಲದ ಅವಧಿ ಇರುತ್ತದೆ; ಮಾಲಾ-ಎನ್ ಪಟ್ಟಿಯಲ್ಲಿ ಆ ಏಳು ದಿನಕ್ಕೆ ಕಬ್ಬಿಣಾಂಶದ ಮಾತ್ರೆಗಳಿವೆ. ಆ ವಾರದ ಕೊನೆಯ ಹೊತ್ತಿಗೆ ಅಂಡಾಶಯ ಮತ್ತೆ ಎಚ್ಚರಗೊಳ್ಳತೊಡಗಿರುತ್ತದೆ, ಹೊಸ ಪಟ್ಟಿಯ ಮೊದಲ ಮಾತ್ರೆಗಳು ಅದನ್ನು ತಡೆಯುತ್ತವೆ. ಹಾರ್ಮೋನು ಬೇಗ ಕರಗಿಹೋಗುವ ದೇಹದಲ್ಲಿ ಈ ಎಚ್ಚರ ಇನ್ನೂ ಮುಂಚೆಯೇ ಶುರುವಾಗುತ್ತದೆ. ದೇಹದಿಂದ ದೇಹಕ್ಕೆ ಹಾರ್ಮೋನಿನ ಮಟ್ಟದಲ್ಲಿ ಬಹಳ ವ್ಯತ್ಯಾಸವಿರುವುದರಿಂದ ಒಬ್ಬಳಿಗೆ ಏನೂ ಆಗದಿರಬಹುದು, ಮೊದಲೇ ಅಂಚಿನಲ್ಲಿರುವ ಇನ್ನೊಬ್ಬಳಿಗೆ ಶೇಕಡ 15 ಸಾಕಾಗಬಹುದು.

ಈಗ ನಮ್ಮ ನೆಲದ ಮೂಲಿಕೆಗಳ ಮಾತು. ಇಲ್ಲಿ ಹಾರ್ಮೋನು ಮಾತ್ರೆ ನುಂಗುವವರೆಲ್ಲ ಅದನ್ನು ಗರ್ಭನಿರೋಧಕವೆಂದು ನುಂಗುವುದಿಲ್ಲ. ಪಿಸಿಒಡಿ ಎಂದು ಎಲ್ಲರ ಬಾಯಲ್ಲಿರುವ ಅಂಡಾಶಯದ ತೊಂದರೆಗೆ, ಮೊಡವೆಗೆ, ತಿಂಗಳು ತಪ್ಪಿ ಬರುವ ಮುಟ್ಟಿಗೆ, ವಿಪರೀತ ಸ್ರಾವಕ್ಕೆ ಇದೇ ಮಾತ್ರೆಗಳನ್ನು ಬರೆಯುತ್ತಾರೆ. ಹಬ್ಬ, ಮದುವೆ, ತೀರ್ಥಯಾತ್ರೆಗಾಗಿ ಮುಟ್ಟು ಮುಂದೂಡುವ ನೊರೆಥಿಸ್ಟೆರಾನ್ ಮಾತ್ರೆಯೂ ಹಾರ್ಮೋನೇ. ಇದೇ ತೊಂದರೆಗಳಿಗೆ ಇದೇ ಮಹಿಳೆಯರು ಮೂಲಿಕೆಯನ್ನೂ ಹುಡುಕುತ್ತಾರೆ. ಹಾಗಾಗಿ ಇವೆರಡು ಒಂದೇ ದೇಹದಲ್ಲಿ ಸೇರುವುದು ಅಪರೂಪವಲ್ಲ. ಪಿಸಿಒಡಿಗೆ ಆಯುರ್ವೇದದಲ್ಲಿ ಹೆಚ್ಚಾಗಿ ಕೊಡುವ ಕಾಂಚನಾರ ಗುಗ್ಗುಲುವನ್ನೇ ನೋಡಿ. ಅದರಲ್ಲಿ ಕಾಂಚನಾರದ ತೊಗಟೆ, ತ್ರಿಫಲ, ತ್ರಿಕಟು, ಗುಗ್ಗುಲು ಎಲ್ಲ ಇವೆ. ಗುಗ್ಗುಲಿನಲ್ಲಿರುವ ಗುಗ್ಗುಲ್‌ಸ್ಟೆರೋನ್ ಪಿಎಕ್ಸ್‌ಆರ್ ಅನ್ನು ಪ್ರಚೋದಿಸಿ ಸಿವೈಪಿ 3ಎ ಕಿಣ್ವದ ವಂಶವಾಹಿಯನ್ನು ಚುರುಕುಗೊಳಿಸುತ್ತದೆ ಎಂದು 2004ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಗಿದೆ. ಅದಕ್ಕೂ ಹತ್ತು ವರ್ಷ ಮೊದಲೇ ಭಾರತೀಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಲ್ಲಿ ಗುಗ್ಗುಲಿನ ಸಾರವಾದ ಗುಗ್ಗುಲಿಪಿಡ್ ಪರೀಕ್ಷಿಸಿ, ಡಿಲ್ಟಿಯಾಜೆಮ್ ಮತ್ತು ಪ್ರೊಪ್ರನೊಲಾಲ್ ಎಂಬ ಎರಡು ಹೃದಯದ ಔಷಧಿಗಳು ರಕ್ತಕ್ಕೆ ಸೇರುವುದು ಕಡಿಮೆಯಾದುದನ್ನು ಕಂಡಿದ್ದರು.

ಅದೇ ಗುಳಿಗೆಯಲ್ಲಿ ಎದುರು ದಿಕ್ಕಿಗೆ ಎಳೆಯುವ ಅಂಶವೂ ಇದೆ. ತ್ರಿಕಟುವಿನ ಮೆಣಸು ಮತ್ತು ಹಿಪ್ಪಲಿಯಲ್ಲಿರುವ ಪೈಪೆರಿನ್ ಕಿಣ್ವಗಳನ್ನು ತಡೆಯುತ್ತದೆ, ಅಂದರೆ ಜೊತೆಗಿರುವ ಔಷಧಿಯ ಮಟ್ಟವನ್ನು ಏರಿಸುತ್ತದೆ. ಇದಕ್ಕೆ ಜಗತ್ತು ಮತ್ತೆ ಮತ್ತೆ ಉದಾಹರಿಸುವ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಸಿನದ ಕರ್ಕ್ಯುಮಿನ್ ಜೊತೆ ಬರಿಯ 20 ಮಿಲಿಗ್ರಾಂ ಪೈಪೆರಿನ್ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇಕಡ 2000ದಷ್ಟು ಹೆಚ್ಚಿತ್ತು. ಇಂದು ಮಾರುಕಟ್ಟೆಯಲ್ಲಿರುವ ಅರಿಸಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರವನ್ನೂ ಸೇರಿಸುವುದು ಇದೇ ಕಾರಣಕ್ಕೆ. ಹಾಗಾದರೆ ಗುಗ್ಗುಲು ಇಳಿಸುವ ಹಾರ್ಮೋನನ್ನು ಮೆಣಸು ಏರಿಸಿ ಸರಿದೂಗಿಸುತ್ತದೆಯೇ? ಗರ್ಭನಿರೋಧಕ ಮಾತ್ರೆ ನುಂಗುವ ಮಹಿಳೆಯರಲ್ಲಿ ಇದನ್ನು ಸರಿಯಾಗಿ ಅಳೆದು ನೋಡಿದ ಪರೀಕ್ಷೆಗಳಿಲ್ಲ. ಸೇಂಟ್ ಜಾನ್ಸ್ ವರ್ಟ್‌ಗೆ ಯುರೋಪು, ಅಮೆರಿಕಗಳು ಮಾಡಿದ 12 ಮಂದಿಯ, 16 ಮಂದಿಯ ಸಣ್ಣ ಪರೀಕ್ಷೆಯನ್ನು ನಾವು ನಮ್ಮ ಗುಗ್ಗುಲಿಗೆ, ಅಶ್ವಗಂಧಕ್ಕೆ, ಶತಾವರಿಗೆ ಮಾಡಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯೇ ಗುಗ್ಗುಲಿಪಿಡ್ ಅನ್ನೂ ರೂಪಿಸಿತು, ಹಾರ್ಮೋನಲ್ಲದ ಗರ್ಭನಿರೋಧಕ ಮಾತ್ರೆ ಸಹೇಲಿಯನ್ನೂ ರೂಪಿಸಿತು. ಈ ಎರಡೂ ವಿದ್ಯೆ ಬಲ್ಲ ದೇಶ ಇವೆರಡರ ನಡುವಿನ ಪ್ರಶ್ನೆಯನ್ನು ಹಾಗೇ ಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕಿಣ್ವದ ದಾರಿಯೊಂದೇ ಅಲ್ಲ. ತೂಕ ಇಳಿಸುವ ಚಹಾ, ಹೊಟ್ಟೆ ಶುದ್ಧಿಯ ಪುಡಿ ಎಂದು ಮಾರುವ ಅನೇಕ ಪೊಟ್ಟಣಗಳಲ್ಲಿ ಸೋನಾಮುಖಿ ಇರುತ್ತದೆ. ಅದರಿಂದ ಜೋರಾಗಿ ಭೇದಿಯಾದರೆ ಮಾತ್ರೆ ಹೀರಿಕೆಯಾಗದೆ ಹೋಗಬಹುದು. ತೀವ್ರ ಭೇದಿ ಒಂದು ದಿನಕ್ಕೂ ಮೀರಿ ಮುಂದುವರಿದರೆ ಮಾತ್ರೆ ತಪ್ಪಿಸಿದಂತೆಯೇ ಎಣಿಸಬೇಕು. ಗಂಟಲಿಗೆ, ಹೊಟ್ಟೆಯುರಿಗೆ ತಿನ್ನುವ ಅತಿಮಧುರ, ಅಂದರೆ ಜ್ಯೇಷ್ಠಮಧು, ದಿನವೂ ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಉಪ್ಪು ನೀರನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆ. ಕೆಲವರಲ್ಲಿ ಮಾತ್ರೆಯೂ ರಕ್ತದೊತ್ತಡ ಏರಿಸುತ್ತದೆ. ಎರಡೂ ಸೇರಿದಾಗ ಗರ್ಭದ ಚಿಂತೆಯಲ್ಲ, ಒತ್ತಡದ ಚಿಂತೆ. ದ್ರಾಕ್ಷಿಯಂತೆ ಗೊಂಚಲಾಗಿ ಬಿಡುವ ಗ್ರೇಪ್‌ಫ್ರೂಟ್ ಹಣ್ಣಿನ ರಸ ಎಥಿನೈಲ್ ಈಸ್ಟ್ರಡಯಾಲ್ ಮಟ್ಟವನ್ನು ಸ್ವಲ್ಪ ಏರಿಸುತ್ತದೆಂದು 1996ರ ಅಧ್ಯಯನವೊಂದು ತೋರಿಸಿತು. ದೇವನಹಳ್ಳಿಯ ನಮ್ಮ ಚಕ್ಕೋತ ಆ ಹಣ್ಣಿನ ಪೂರ್ವಜ. ಆದರೂ ಊಟದ ಜೊತೆ ನಾಲ್ಕು ತೊಳೆ ಚಕ್ಕೋತ ತಿನ್ನಲು ಹೆದರಬೇಕಿಲ್ಲ. ಇನ್ನು ಕಾಫಿ: ಇಲ್ಲಿ ಪ್ರಭಾವ ತಿರುಗುಮುರುಗು. ಮಾತ್ರೆಯೇ ಕೆಫೀನ್ ಒಡೆಯುವ ಕಿಣ್ವವನ್ನು ನಿಧಾನಗೊಳಿಸುತ್ತದೆ, ಕೆಫೀನ್ ದೇಹದಲ್ಲಿ ಸುಮಾರು ಇಮ್ಮಡಿ ಹೊತ್ತು ಉಳಿಯುತ್ತದೆ. ಸಂಜೆಯ ಫಿಲ್ಟರ್ ಕಾಫಿ ನಿದ್ದೆಗೆಡಿಸುತ್ತಿದ್ದರೆ, ಅದರ ಮೇಲೆ ಹಸಿರು ಚಹಾ ಸಾರದ ಕೊಬ್ಬು ಕರಗಿಸುವ ಗುಳಿಗೆಯನ್ನೂ ನುಂಗುತ್ತಿದ್ದರೆ, ಕಾರಣವನ್ನು ಇಲ್ಲೂ ಹುಡುಕಬಹುದು.

ಮೂಲಿಕೆ ಸಹಜ, ಮಾತ್ರೆ ಕೆಮಿಕಲ್ ಎಂಬ ಮಾತು ಮೊದಲ ಆಕ್ಷೇಪವಾಗಿ ಬರುತ್ತದೆ. ಗರ್ಭನಿರೋಧಕ ಮಾತ್ರೆಯ ಹುಟ್ಟನ್ನು ನೋಡಿದರೆ ಈ ಗೆರೆ ಅಳಿಸಿಹೋಗುತ್ತದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನವಿಜ್ಞಾನಿ ಮೆಕ್ಸಿಕೊದ ಕಾಡುಗೆಣಸಿನಲ್ಲಿರುವ ಡಯೊಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ತಯಾರಿಸಿದರು. 1951ರಲ್ಲಿ ಮೆಕ್ಸಿಕೊ ನಗರದ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿ, ಜಾರ್ಜ್ ರೋಸೆನ್‌ಕ್ರಾನ್ಸ್, ಲೂಯಿಸ್ ಮಿರಾಮೊಂಟೆಸ್ ಆ ದಾರಿಯಲ್ಲೇ ನೊರೆಥಿಸ್ಟೆರಾನ್ ರೂಪಿಸಿದರು. ಮಾತ್ರೆಯ ಹಾರ್ಮೋನು ಬಹುಕಾಲ ಬಂದದ್ದು ಗೆಡ್ಡೆಯಿಂದಲೇ. ಗೆಡ್ಡೆಯಿಂದ ಬಂದದ್ದು ಗರ್ಭವನ್ನು ತಡೆಯಬಲ್ಲದೆಂದ ಮೇಲೆ, ಎಲೆಯಿಂದಲೋ ಅಂಟಿನಿಂದಲೋ ಬಂದದ್ದು ಆ ತಡೆಯನ್ನು ಸಡಿಲಿಸಲಾರದು ಎನ್ನಲು ಆಧಾರವಿಲ್ಲ. ಯಕೃತ್ತು ಅಣುವಿನ ರೂಪವನ್ನು ಗುರುತಿಸುತ್ತದೆ, ಅದು ಹುಟ್ಟಿದ ಜಾಗವನ್ನಲ್ಲ.

ನಮ್ಮ ಅಜ್ಜಿ ಮುತ್ತಜ್ಜಿಯರು ತಲೆಮಾರುಗಳಿಂದ ಕಷಾಯ ಕುಡಿದು ಚೆನ್ನಾಗಿಯೇ ಇದ್ದರಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದರಲ್ಲಿ ಸತ್ಯವಿದೆ. ಬಾಣಂತಿಗೆ, ಮೈನೆರೆದ ಹುಡುಗಿಗೆ, ನೆಗಡಿ ಜ್ವರಕ್ಕೆ ಮನೆಯಲ್ಲಿ ಕೊಡುತ್ತಿದ್ದ ಮೂಲಿಕೆಗಳ ಒಳಿತು ಕೆಡುಕುಗಳನ್ನು ತಲೆಮಾರುಗಳ ಅನುಭವ ಸೋಸಿದೆ. ಆದರೆ ಅನುಭವ ಸೋಸಬಲ್ಲದ್ದು ಎದುರಿಗೆ ಬಂದದ್ದನ್ನು ಮಾತ್ರ. ಮುತ್ತಜ್ಜಿಯ ಕಾಲದಲ್ಲಿ ಹಾರ್ಮೋನು ಮಾತ್ರೆ ಇರಲಿಲ್ಲ. ಎರಡೂ ಸೇರಿದರೆ ಏನಾಗುತ್ತದೆಂದು ಆಕೆ ನೋಡಿರಲು ಸಾಧ್ಯವಿಲ್ಲ, ಚರಕ ಸುಶ್ರುತರೂ ನೋಡಿರಲು ಸಾಧ್ಯವಿಲ್ಲ. ಇದು ಪರಂಪರೆಯ ದೋಷವಲ್ಲ. ತಮ್ಮಷ್ಟಕ್ಕೆ ಒಳ್ಳೆಯವಾದ ಎರಡು ಪದಾರ್ಥಗಳು ಸೇರಿದಾಗ ಕೆಡುಕಾಗಬಹುದು ಎಂಬ ವಿರುದ್ಧ ಆಹಾರದ ವಿಚಾರವನ್ನು ಆಯುರ್ವೇದವೇ ವಿಸ್ತಾರವಾಗಿ ಬೆಳೆಸಿದೆ. ಆ ಎಚ್ಚರವನ್ನು ಇಂದಿನ ಮಾತ್ರೆಗೂ ಚಾಚುವುದು ಆಯುರ್ವೇದಕ್ಕೆ ಅಗೌರವವಲ್ಲ. ಇನ್ನೊಂದು ವ್ಯತ್ಯಾಸವನ್ನೂ ಮರೆಯಬಾರದು. ಅಜ್ಜಿ ಕುದಿಸುತ್ತಿದ್ದುದು ಒಂದು ಹಿಡಿ ಎಲೆ, ಅದೂ ನಾಲ್ಕು ದಿನ. ಇಂದಿನ ಡಬ್ಬಿಯಲ್ಲಿರುವುದು ಸಾರವನ್ನು ಸಾಂದ್ರಗೊಳಿಸಿ ತಿಂಗಳುಗಟ್ಟಲೆ ನುಂಗಲು ಮಾಡಿದ ಗುಳಿಗೆ. ಮೆಂತ್ಯದ ದೋಸೆ, ಜೀರಿಗೆ ಕಷಾಯ, ತುಳಸಿ ಎಲೆ, ಒಗ್ಗರಣೆಯ ಅರಿಸಿನ ಇವುಗಳಿಂದ ಮಾತ್ರೆ ಕೆಡುತ್ತದೆಂದು ಯಾರೂ ಹೆದರಬೇಕಿಲ್ಲ.

ವಿಜ್ಞಾನದ ಕಡೆಯಿಂದಲೂ ಒಂದು ಆಕ್ಷೇಪವಿದೆ. 12 ಮಂದಿ, 16 ಮಂದಿಯ ಅಧ್ಯಯನದಿಂದ ಇಷ್ಟೆಲ್ಲ ಹೇಳಬಹುದೇ? ಮಾತ್ರೆ ವಿಫಲವಾಗುವುದು ಬಹುಪಾಲು ಮರೆತುಬಿಡುವುದರಿಂದ. ದಿನ ತಪ್ಪದೆ ನುಂಗಿದರೆ ವರ್ಷಕ್ಕೆ 1000 ಮಂದಿಯಲ್ಲಿ ಸುಮಾರು ಮೂವರು ಗರ್ಭಿಣಿಯರಾಗುತ್ತಾರೆ, ಸಾಮಾನ್ಯ ಬಳಕೆಯಲ್ಲಿ ಆ ಸಂಖ್ಯೆ 70ರ ಆಸುಪಾಸು. ಹಾಗಿರುವಾಗ ಮೂಲಿಕೆಯನ್ನು ದೂರುವುದು ಸರಿಯೇ? ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಸೇಂಟ್ ಜಾನ್ಸ್ ವರ್ಟ್ ಜೊತೆ ಮಾತ್ರೆ ಬಳಸುವುದನ್ನು ಎರಡನೇ ವರ್ಗಕ್ಕೆ ಸೇರಿಸಿದೆ, ಅಂದರೆ ಅಪಾಯಕ್ಕಿಂತ ಪ್ರಯೋಜನ ಸಾಮಾನ್ಯವಾಗಿ ಹೆಚ್ಚು ಎಂದು. ಬ್ರಿಟನ್ನಿನ ತಜ್ಞರು ಎರಡನ್ನೂ ಒಟ್ಟಿಗೆ ಬಳಸಲೇಬಾರದು ಎನ್ನುತ್ತಾರೆ. ನಾನು ಬ್ರಿಟಿಷರ ನಿಲುವಿನ ಕಡೆಗೆ ವಾಲುತ್ತೇನೆ. ಮೂಲಿಕೆಯಿಂದ ಎಷ್ಟು ಗರ್ಭ ನಿಂತಿತೆಂದು ಎಣಿಸಲು ಸಾವಿರಾರು ಮಹಿಳೆಯರನ್ನು ಬೇಡದ ಗರ್ಭದ ಅಪಾಯಕ್ಕೆ ಒಡ್ಡುವ ಪ್ರಯೋಗವನ್ನು ಯಾವ ನೈತಿಕ ಸಮಿತಿಯೂ ಒಪ್ಪದು. ಹಾಗಾಗಿ ನಮಗೆ ಸಿಗುವುದು ಯಾವತ್ತೂ ಪರೋಕ್ಷ ಸಾಕ್ಷ್ಯವೇ: ಹಾರ್ಮೋನಿನ ಮಟ್ಟ, ಕೋಶಿಕೆಯ ಬೆಳವಣಿಗೆ, ನಡುವಿನ ರಕ್ತಸ್ರಾವ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿರುವಾಗ, ಕಾರ್ಯವಿಧಾನವೂ ಸ್ಪಷ್ಟವಾಗಿ ಗೊತ್ತಿರುವಾಗ, ಅಳೆಯದೆ ಉಳಿದ ಭಾಗದ ಹೊರೆಯನ್ನು ಮಹಿಳೆಯ ಮೇಲೆ ಹಾಕಬಾರದು. ಮೂಲಿಕೆಯನ್ನು ಬದಲಾಯಿಸಬಹುದು, ಗರ್ಭನಿರೋಧಕದ ವಿಧಾನವನ್ನು ಬದಲಾಯಿಸಬಹುದು. ನಿಂತ ಗರ್ಭವನ್ನು ಹಾಗೆ ಸುಲಭವಾಗಿ ಬದಲಾಯಿಸಲಾಗದು.

ಇಂಥ ಎಚ್ಚರಿಕೆಗಳಿಂದ ಹೆದರಿ ಮಹಿಳೆಯರು ಮಾತ್ರೆಯನ್ನೇ ಬಿಟ್ಟರೆ? ಈ ಭಯ ಕಲ್ಪನೆಯದ್ದಲ್ಲ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಕೆಲವು ಹೊಸ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿ ಎಂದು ಎಚ್ಚರಿಸಿತು. ಆ ಇಮ್ಮಡಿ ಅಪಾಯವೂ ಗರ್ಭಧಾರಣೆಯ ಅಪಾಯಕ್ಕಿಂತ ಕಡಿಮೆಯೇ ಇತ್ತು. ಆ ಮಾತು ಜನರಿಗೆ ಮುಟ್ಟಲಿಲ್ಲ. ಬಹಳ ಮಂದಿ ಮಾತ್ರೆ ನಿಲ್ಲಿಸಿದರು, ಮುಂದಿನ ವರ್ಷ ಗರ್ಭಪಾತಗಳ ಸಂಖ್ಯೆ ಸಾವಿರಗಳಲ್ಲಿ ಏರಿತು. ಆ್ಯಂಟಿಬಯೋಟಿಕ್ ತೆಗೆದುಕೊಂಡರೆ ಮಾತ್ರೆ ಕೆಲಸ ಮಾಡದು ಎಂಬ ಹಳೆಯ ನಂಬಿಕೆಯೂ ಇಂಥದ್ದೇ: ರಿಫಾಂಪಿಸಿನ್ ಗುಂಪನ್ನು ಬಿಟ್ಟರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಮೂಲಿಕೆ ಎಂದರೆ ಎಲ್ಲವೂ ಅಪಾಯ ಎಂದು ಸಾರಿದರೆ ಅದೇ ತಪ್ಪು ಮತ್ತೆ ಆಗುತ್ತದೆ. ಸೇಂಟ್ ಜಾನ್ಸ್ ವರ್ಟ್ ಬೇಡವೇ ಬೇಡ, ಗುಗ್ಗುಲು ಇರುವ ಗುಳಿಗೆಗೆ ಮೊದಲು ಕೇಳಿ, ಭೇದಿ ಮಾಡಿಸುವ ಚಹಾ ಬೇಡ, ಅಡುಗೆಮನೆಯ ಬಗ್ಗೆ ನಿಶ್ಚಿಂತೆಯಿಂದಿರಿ ಎಂದು ಬಿಡಿಸಿ ಹೇಳಿದರೆ ಹೆದರುವವರು ಕಡಿಮೆಯಾಗುತ್ತಾರೆ.

ಬಿಡಿಸಿ ಹೇಳಲು ಮೊದಲು ಕೇಳಬೇಕಲ್ಲ. ನಮ್ಮಲ್ಲಿ ವೈದ್ಯರು ಬೇರೆ ಔಷಧಿ ಏನಾದರೂ ಇದೆಯೇ ಎಂದಾಗ ಇಲ್ಲ ಎನ್ನುವ ಮಹಿಳೆ ಸುಳ್ಳು ಹೇಳುತ್ತಿರುವುದಿಲ್ಲ. ಆಕೆಯ ಲೆಕ್ಕದಲ್ಲಿ ಚೂರ್ಣ ಔಷಧಿಯಲ್ಲ. ಆಯುರ್ವೇದ ವೈದ್ಯರ ಬಳಿ ಹೋದಾಗ ಗರ್ಭನಿರೋಧಕದ ವಿಷಯ ಹೇಳಲು ಸಂಕೋಚ, ಮದುವೆಯಾಗದವಳಿಗಂತೂ ಹೇಳುವುದೇ ಕಷ್ಟ. ಅತ್ತೆಗೆ ಗೊತ್ತಾಗದಂತೆ ಮಾತ್ರೆ ನುಂಗುವ ಸೊಸೆ, ಅದೇ ಅತ್ತೆ ಅಕ್ಕರೆಯಿಂದ ಮಾಡಿಕೊಟ್ಟ ಲೇಹ್ಯವನ್ನು ಬೇಡ ಎನ್ನುವುದು ಹೇಗೆ? ಮಾತ್ರೆ ಕೊಟ್ಟವರಿಗೆ ಲೇಹ್ಯ ಗೊತ್ತಿಲ್ಲ, ಲೇಹ್ಯ ಕೊಟ್ಟವರಿಗೆ ಮಾತ್ರೆ ಗೊತ್ತಿಲ್ಲ. ಮಾತ್ರೆಯ ಅಡ್ಡಪರಿಣಾಮಗಳನ್ನು ಯಾರೂ ಕಿವಿಗೊಟ್ಟು ಕೇಳದಿರುವುದೂ ಮೂಲಿಕೆಯ ಕಡೆಗೆ ನೂಕುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಡೆನ್ಮಾರ್ಕ್ ಮಹಿಳೆಯರ ದಾಖಲೆ ನೋಡಿದ 2016ರ ಅಧ್ಯಯನದಲ್ಲಿ, ಹಾರ್ಮೋನು ಗರ್ಭನಿರೋಧಕ ಬಳಸುವವರಲ್ಲಿ ಖಿನ್ನತೆಯ ಔಷಧಿ ಶುರುಮಾಡಿದವರ ಪ್ರಮಾಣ ಹೆಚ್ಚಿತ್ತು. ಮಾತ್ರೆಯಿಂದ ಮನಸ್ಸು ಕುಗ್ಗಿತೆಂದು ಹೇಳಿದವಳಿಗೆ ಎಲ್ಲ ನಿಮ್ಮ ಭ್ರಮೆ ಎಂಬ ಉತ್ತರ ಸಿಕ್ಕರೆ, ಆಕೆ ಮನಸ್ಸು ಹಗುರಾಗಿಸುವ ಮೂಲಿಕೆ ಹುಡುಕುತ್ತಾಳೆ. ಆ ಹುಡುಕಾಟದಲ್ಲಿ ಮೊದಲು ಸಿಗುವ ಹೆಸರುಗಳಲ್ಲಿ ಸೇಂಟ್ ಜಾನ್ಸ್ ವರ್ಟ್ ಒಂದು. ಆಕೆಯ ಅಜಾಗರೂಕತೆ ಎಂದು ಇದನ್ನು ಕರೆಯಲು ನನಗೆ ಮನಸ್ಸಾಗದು.

ಈಗಾಗಲೇ ಎರಡನ್ನೂ ತೆಗೆದುಕೊಳ್ಳುತ್ತಿರುವವರು ಏನು ಮಾಡಬೇಕು? ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದು, ಕೆಲ ತಿಂಗಳು ಸರಿಯಾಗಿದ್ದು, ಹೊಸದೊಂದು ಮೂಲಿಕೆ ಶುರುಮಾಡಿದ ಮೇಲೆ ನಡುವೆ ರಕ್ತ ಕಾಣಿಸಿದರೆ ಅದನ್ನು ಉಷ್ಣವೆಂದು ತಳ್ಳಿಹಾಕಬಾರದು. 1971ರ ವೈದ್ಯರನ್ನು ಎಚ್ಚರಿಸಿದ ಲಕ್ಷಣ ಅದೇ. ಸೇಂಟ್ ಜಾನ್ಸ್ ವರ್ಟ್ ನಿಲ್ಲಿಸಿದ ಮೇಲೂ ನಾಲ್ಕು ವಾರ ಕಾಂಡೋಮ್ ಬೇಕು. ಖಿನ್ನತೆಗೆಂದು ಅದನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕಂಡೇ ನಿಲ್ಲಿಸಬೇಕು, ಬೇರೆ ಖಿನ್ನತೆಯ ಮಾತ್ರೆಯನ್ನು ಅದರ ಜೊತೆ ಸೇರಿಸಲೇಬಾರದು. ಮೂಲಿಕೆ ಬಿಡಲಾಗದವರಿಗೆ ಯಕೃತ್ತಿನ ಕಿಣ್ವಗಳ ಗೊಡವೆಯಿಲ್ಲದ ದಾರಿಗಳಿವೆ: ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಹಾರ್ಮೋನಿರುವ ಗರ್ಭಕೋಶದ ಸಾಧನ ಒಳಗೇ ಕೆಲಸ ಮಾಡುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅಂತರಾ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ಶಕ್ತಿಯೂ ಇವುಗಳಿಂದ ಕುಂದುವುದಿಲ್ಲ. ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಮಾತ್ರ ಮಾತ್ರೆಯಂತೆಯೇ ಸೋಲಬಹುದು. ತುರ್ತು ಮಾತ್ರೆಯೂ ಅಷ್ಟೇ: ಹಿಂದಿನ ನಾಲ್ಕು ವಾರದಲ್ಲಿ ಇಂಥ ಪ್ರಚೋದಕ ಸೇವಿಸಿದವರಿಗೆ 1.5 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಸಾಲದಿರಬಹುದೆಂದು 2016ರಲ್ಲಿ ಬ್ರಿಟನ್ ಎಚ್ಚರಿಸಿ, ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದು ಮೇಲು, ಆಗದಿದ್ದರೆ ಇಮ್ಮಡಿ ಪ್ರಮಾಣ ಎಂದಿತು. ನಮ್ಮಲ್ಲಿ ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

ಡಬ್ಬಿಯ ಮೇಲಿನ ಬರಹದಿಂದ ಸದ್ಯಕ್ಕೆ ಹೆಚ್ಚು ನೆರವು ಸಿಗದು. ಆಯುರ್ವೇದ ಗುಳಿಗೆಯ ಚೀಟಿಯಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಯಾವ ಔಷಧಿಯ ಜೊತೆ ಬೇಡ ಎಂಬ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಅಡಿಯಲ್ಲಿ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ಇದು ಔಷಧಿಯ ಬಳಕೆಗಲ್ಲ ಎಂದು ಮುದ್ರಿಸಿರುತ್ತದೆ. ಕೊಂಡವಳು ಅದನ್ನು ಬಳಸುವುದು ಔಷಧಿಯಾಗಿಯೇ. ಗುಗ್ಗುಲು, ಪೈಪೆರಿನ್, ಸೋನಾಮುಖಿ ಇರುವ ಉತ್ಪನ್ನಗಳ ಮೇಲೆ ಹಾರ್ಮೋನು ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ಎಂಬ ಒಂದು ಸಾಲು ಕನ್ನಡದಲ್ಲಿ ಮುದ್ರಿಸಲು ಹೆಚ್ಚು ಖರ್ಚಿಲ್ಲ. ಆಶಾ ಕಾರ್ಯಕರ್ತೆಯರಿಗೆ ಮಾಲಾ-ಎನ್ ಪಟ್ಟಿ ಕೊಡುವಾಗ ಕಷಾಯ, ಚೂರ್ಣ, ಪುಡಿ ಎಂದು ಹೆಸರು ಹಿಡಿದು ಕೇಳಲು ಕಲಿಸಬಹುದು. ಮೂಲಿಕೆ ಮತ್ತು ಮಾತ್ರೆ ಸೇರಿ ಏನಾದರೂ ಆಯಿತೆಂದು ಅನುಮಾನ ಬಂದವರು ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು, ವೈದ್ಯರ ಮೂಲಕವೇ ಆಗಬೇಕೆಂದಿಲ್ಲ. ಇಂಪ್ಲಾಂಟ್ ಇದ್ದವರೂ ಸೇಂಟ್ ಜಾನ್ಸ್ ವರ್ಟ್ ಮುಟ್ಟಬಾರದು ಎಂದು 2014ರ ಮಾರ್ಚಿನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ದೇಶಕ್ಕೆಲ್ಲ ನೆನಪಿಸಿದ್ದು, ಇಬ್ಬರು ಮಹಿಳೆಯರು ಬಯಸದೆ ಗರ್ಭಿಣಿಯರಾದರೆಂಬ ವರದಿಗಳು ಅದರ ಕೈಸೇರಿದ ಮೇಲೆ.